ನೀಲಿ ಪುಸ್ತಕ ಮತ್ತು ಅಜ್ಜನ ಏಣಿ

"ಪುಸ್ತಕ ಇಲ್ಲ!"

ಫೋನಕ್ಕನ ಕೂಗಿಗೆ ನಾನು ಬೆಂಚಿನಿಂದ ಎದ್ದೇ ನಿಂತೆ. ಪ್ರಸಾರ ನಡೆಯುತ್ತಿರುವಾಗ ಆ ರೇಡಿಯೋ ನಿಲಯದಲ್ಲಿ ಯಾರೂ ದನಿ ಎತ್ತುವುದಿಲ್ಲ. ಚಪ್ಪಲಿಯನ್ನೂ ಬಾಗಿಲಲ್ಲೇ ಬಿಡುತ್ತಾರೆ. ಕೆಮ್ಮು ಬಂದರೆ ಮೆಟ್ಟಿಲಿಗೆ ಓಡುತ್ತಾರೆ. ಅಂಥ ಜಾಗದಲ್ಲಿ, ಬೆಳಗಿನ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ, ಫೋನಕ್ಕ ಕೂಗಿದ್ದಳು.

"ಯಾವ ಪುಸ್ತಕಮ್ಮ?"

"ನನ್ನ ಪುಸ್ತಕ, ಟೀಚರ್. ನೀಲಿ ರಟ್ಟಿಂದು. ಮೇಡಂಗೆ ಬಿಸಿನೀರು ಕೊಟ್ಟು ಬರೋಷ್ಟರಲ್ಲಿ... ನಾಲ್ಕೇ ನಿಮಿಷ!"

ಅವಳ ಮೇಜಿನ ಮೇಲೆ ಮೂರು ಫೋನುಗಳಿದ್ದವು. ದಾರಕ್ಕೆ ಕಟ್ಟಿದ ಪೆನ್ನು ಕೆಳಗೆ ಜೋತುಬಿದ್ದಿತ್ತು. ಪುಸ್ತಕವಿರಬೇಕಾದಲ್ಲಿ ಧೂಳಿಲ್ಲದ ಒಂದು ಚೌಕ ಮಾತ್ರ ಉಳಿದಿತ್ತು.

ಆ ಪುಸ್ತಕದ ವಿಷಯ ಹೇಳಬೇಕು. ನಮ್ಮದು ಸಣ್ಣ ನಿಲಯ. ದರ್ಜಿ ಅಂಗಡಿಯ ಮೇಲಿನ ಮಹಡಿ, ನಾಲ್ಕು ಕೋಣೆ, ಗೋಡೆಗೆ ಹಳೆಯ ಕಂಬಳಿ ಹೊಡೆದು ಮಾಡಿದ ಸ್ಟುಡಿಯೋ. ಊರಿನಲ್ಲಿ ದೊಡ್ಡ ನಿಲಯಗಳು ಎರಡಿವೆ. ಒಂದರ ಗೋಪುರ ಬೆಟ್ಟದ ಮೇಲಿದೆ. ಇನ್ನೊಂದಕ್ಕೆ ಐದು ಅಂತಸ್ತಿನ ಗಾಜಿನ ಕಟ್ಟಡ. ಅವರಲ್ಲಿ ಹಾಡು, ಬಹುಮಾನ, ನಟನಟಿಯರು. ನಮ್ಮಲ್ಲಿ ಬರೀ ಮಾತು. ಜನ ಫೋನು ಮಾಡುತ್ತಾರೆ, ಮೇಡಂ ಮಾತಾಡಿಸುತ್ತಾರೆ. ಆದರೂ ಬೆಳಗಿನ ಒಂಬತ್ತರಿಂದ ಹತ್ತರವರೆಗೆ ಊರು ನಮ್ಮ ಕಡೆಗೇ ಕಿವಿ ತಿರುಗಿಸುತ್ತಿತ್ತು. ಕಾರಣ ಆ ಪುಸ್ತಕ.

ಫೋನು ಮಾಡಿದ ಪ್ರತಿಯೊಬ್ಬರಿಗೂ ಫೋನಕ್ಕ ಅದರಲ್ಲಿ ಒಂದು ಪುಟ ಇಟ್ಟಿದ್ದಳು. ಆರು ವರ್ಷದ ಕೆಲಸ, ನಾನೂರಕ್ಕೂ ಹೆಚ್ಚು ಜನ. "ಎಡ ಮೊಣಕಾಲು ನೋವು, ವಿಚಾರಿಸಬೇಕು." "ಮಗಳಿಗೆ ಬರುವ ತಿಂಗಳು ಹೆರಿಗೆ." ಪುಟದ ತಳದಲ್ಲಿ ಕೆಂಪು ಶಾಯಿಯಲ್ಲಿ ಇನ್ನೊಂದು ಸಾಲು: "ತಮ್ಮನ ವಿಷಯ ಎತ್ತಬಾರದು." "ಗಂಡ ಬಿಟ್ಟುಹೋಗಿದ್ದಾನೆ, ನೆರೆಯವರಿಗೆ ಗೊತ್ತಿಲ್ಲ. ಎತ್ತಬಾರದು." ಕರೆ ಬಂದೊಡನೆ ಅವಳು ಚೀಟಿ ಬರೆದು ಒಳಗೆ ಕಳಿಸುತ್ತಿದ್ದಳು. ಮೇಡಂ ಅದನ್ನು ನೋಡಿ ಹಳೆಯ ಗೆಳತಿಯಂತೆ ಮಾತಾಡಿಸುತ್ತಿದ್ದರು. ಗಾಜಿನ ಕಟ್ಟಡದವರು ಎಷ್ಟು ಬಹುಮಾನ ಹಂಚಿದರೂ ಇದು ಅವರಿಗೆ ಆಗಿರಲಿಲ್ಲ.

ಅವರು ಬರುವ ಸೋಮವಾರದಿಂದ, ಸರಿಯಾಗಿ ಒಂಬತ್ತಕ್ಕೇ, ಒಂದು ಮಾತಿನ ಕಾರ್ಯಕ್ರಮ ಶುರುಮಾಡುವವರಿದ್ದರು.

ಹತ್ತು ಗಂಟೆಗೆ ಮೇಡಂ ಹೆಡ್‌ಫೋನು ಕಳಚಿ ಹೊರಗೆ ಬಂದರು. ವಿಷಯ ಕೇಳಿ ಗೋಡೆಗೆ ಒರಗಿದರು.

"ಪೊಲೀಸರಿಗೆ ಹೇಳೋಣ್ವಾ?" ಎಂದೆ.

"ಹೇಳಿದ್ರೆ ಮಧ್ಯಾಹ್ನದ ಸುದ್ದೀಲಿ ಬೆಟ್ಟದವರೇ ಓದ್ತಾರೆ, ಟೀಚರ್. ಕೇಳುಗರ ಗುಟ್ಟು ಕಳುವಾಯ್ತು ಅಂತ. ಆಮೇಲೆ ಯಾರು ನಮಗೆ ಫೋನ್ ಮಾಡ್ತಾರೆ?"

ಫೋನಕ್ಕ ಅಳುತ್ತಿರಲಿಲ್ಲ. ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಒದ್ದಾಡುತ್ತಿದ್ದಳು. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಎತ್ತಿದಳು. ಆ ಕಡೆಯ ಹೆಂಗಸಿನ ದನಿ ನನಗೂ ಕೇಳಿಸಿತು. "ಯಾಕಮ್ಮ, ಇವತ್ತು ನನ್ನ ಕಣ್ಣಿನ ಆಪರೇಷನ್ ಹೇಗಾಯ್ತು ಅಂತ ಕೇಳಲೇ ಇಲ್ಲ?"

ಫೋನಕ್ಕ ರಿಸೀವರನ್ನು ಕೈಯಿಂದ ಮುಚ್ಚಿ ನನ್ನ ಮುಖ ನೋಡಿದಳು. "ಪುಸ್ತಕ ಹೋದ್ರೆ ಹೋಗ್ಲಿ, ಟೀಚರ್. ಅದರೊಳಗಿರೋ ಜನ? ನನ್ನ ನಂಬಿ ಹೇಳ್ಕೊಂಡಿದ್ರು. ನಾಳೆ ಅದನ್ನ ಇನ್ಯಾರೋ ಮೈಕಿನಲ್ಲಿ ಕೇಳಿದ್ರೆ ನಾನು ಯಾವ ಮುಖ ಇಟ್ಕೊಂಡು ಬದುಕಲಿ?"

ಆ ಬೆಳಿಗ್ಗೆ ನಾನು ಬಂದು ಕೂತಾಗ, "ಬೆಂಚು ತಣ್ಣಗಿದೆ, ಟೀಚರ್" ಎಂದು ತನ್ನ ಕುರ್ಚಿಯ ದಿಂಬನ್ನೇ ತಂದುಕೊಟ್ಟವಳು ಅವಳು. ಬುಧವಾರ ಬುಧವಾರ ಬಂದು ಪುಸ್ತಕಗಳ ಬಗ್ಗೆ ಹತ್ತು ನಿಮಿಷ ಓದಿಹೋಗುವ ಮುದುಕಿ ನಾನು. ನನ್ನಿಂದ ಏನಾದೀತು? ಅಂದು ಓದಿದ್ದೇನೆಂದು ನನಗೇ ನೆನಪಿಲ್ಲ. ಓದಿ ಮುಗಿಸಿ ಹೊರಗೆ ಬಂದು ಮನೆಗೆ ಫೋನು ಮಾಡಿ ನನ್ನ ನಾದಿನಿಯನ್ನು ಕರೆದೆ.

ನನ್ನ ನಾದಿನಿ ಮೂವತ್ತು ವರ್ಷ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದವಳು. ಸಾಕ್ಷಿಗಳು ಉಸುರಿದ್ದು, ವಕೀಲರು ಗದರಿದ್ದು ಎಲ್ಲವನ್ನೂ ಗೀರುಗೀರಾಗಿ ಬರೆದುಕೊಂಡವಳು. ನಿವೃತ್ತಿಯಾದ ಮೇಲೆ ಬೆರಳು ಜಡ್ಡುಗಟ್ಟಬಾರದೆಂದು ದಿನಾ ನಮ್ಮ ಬೆಳಗಿನ ಕಾರ್ಯಕ್ರಮವನ್ನು ಪೂರ್ತಿ ಬರೆದುಕೊಳ್ಳುತ್ತಿದ್ದಳು. ನಮ್ಮ ಬೀದಿಯಲ್ಲಿ ಎರಡು ಸಣ್ಣ ಕಳವು, ಒಂದು ಸುಳ್ಳು ಉಯಿಲು ಅವಳಿಂದಲೇ ಬಯಲಾಗಿದ್ದವು.

ಹನ್ನೊಂದಕ್ಕೆ ಆಟೋದಿಂದ ಇಳಿದಳು. ಕೈಯಲ್ಲಿ ಕೊಡೆ, ಕಂಕುಳಲ್ಲಿ ಬರೆಯುವ ಪುಸ್ತಕ. ನಾನು ಮೆಟ್ಟಿಲಲ್ಲೇ ಎಲ್ಲ ಹೇಳಿದೆ. ಕೇಳಿಸಿಕೊಂಡು, ನಿಂತು, ಉಸಿರು ತೆಗೆದುಕೊಂಡಳು.

"ಅತ್ತಿಗೆ, ಇವತ್ತು ಆ ಅಜ್ಜ ಏಣಿ ಯಾಕೆ ವಾಪಸ್ ಕೊಡಲಿಲ್ಲವಂತೆ?"

"ಇಲ್ಲಿ ಮನೆಗೆ ಬೆಂಕಿ ಬಿದ್ದಿದೆ, ನಿನಗೆ ಏಣಿ ಚಿಂತೆ!"

"ಸರಿ, ಬಿಡಿ" ಎಂದು ಮೇಲೆ ಹತ್ತಿದಳು.

ಅಜ್ಜ ಎಂದರೆ ಉದ್ದದಜ್ಜ. ದಿನಾ ಒಂಬತ್ತೂವರೆ ದಾಟಿದ ಮೇಲೆ ಫೋನು ಮಾಡುವವರು. ಶುರುಮಾಡಿದರೆ ನಾಲ್ಕು ನಿಮಿಷ ನಿಲ್ಲಿಸುವುದಿಲ್ಲ. ಅವರು ಮಾತಾಡುವಾಗ ಮೇಡಂಗೂ ಬಿಡುವು, ಫೋನಕ್ಕನಿಗೂ ಬಿಡುವು. ಆಗಲೇ ಅವಳು ಮೇಡಂ ಗಂಟಲಿಗೆ ಬಿಸಿನೀರು ಒಯ್ಯುವುದು. ಅಂದಿನ ಮಾತು 'ನೀವು ಎರವಲು ತಂದು ವಾಪಸ್ ಕೊಡದ ವಸ್ತು ಯಾವುದು?' ಅಜ್ಜ ಇಪ್ಪತ್ತು ವರ್ಷದ ಹಿಂದೆ ಪಕ್ಕದ ಮನೆಯ ಹಲ್ಲಿನ ಡಾಕ್ಟರಿಂದ ತಂದ ಏಣಿಯ ಕತೆ ಹೇಳಿದರು. ಗೋಡೆಯ ಮೇಲಿನ ಸ್ಪೀಕರಿನಲ್ಲಿ ಕೇಳಿ ನಾನು ಬೆಂಚಿನ ಮೇಲೆ ಕೂತೇ ನಕ್ಕಿದ್ದೆ. ಗಾಜಿನಾಚೆ ಇಂಜಿನಿಯರು ಕೂಡ ತುಟಿ ಬಿಗಿಹಿಡಿದು, ಕೈ ಚಾಚಿ ಏನನ್ನೋ ಒತ್ತುತ್ತಿದ್ದ. ಎದುರಿಗಿದ್ದ ಗುಂಡಿಗಳನ್ನು ಬಿಟ್ಟು ಆ ಹುಡುಗನಿಗೆ ಲೋಕವೇ ಇರಲಿಲ್ಲ. ಎಲ್ಲರೂ ಅವನನ್ನು ಗುಂಡಿಯಣ್ಣ ಎನ್ನುತ್ತಿದ್ದರು.

ನಾದಿನಿ ಮತ್ತೆ ಕೆಳಗಿಳಿದು ಮೊದಲು ದರ್ಜಿಯನ್ನು ವಿಚಾರಿಸಿದಳು. "ಹೊರಗಿನವರು ಯಾರೂ ಹತ್ತಲಿಲ್ಲಮ್ಮ" ಎಂದ ಅವನು. "ನಿಮ್ಮವರು? ಅವರು ಹತ್ತಿ ಇಳೀತಾನೇ ಇರ್ತಾರೆ. ನಾನು ಹೊಲಿಗೆ ನೋಡ್ಲಾ, ಅವರ ಕಾಲು ನೋಡ್ಲಾ?"

ಅಂದರೆ ನಮ್ಮವರೇ. ಮೇಡಂ, ಫೋನಕ್ಕ ಸ್ಟುಡಿಯೋದೊಳಗಿದ್ದರು. ಗುಂಡಿಯಣ್ಣ ನನ್ನ ಕಣ್ಣೆದುರಿಗೇ ಇದ್ದ; ಫೋನಕ್ಕನ ಮೇಜು ಮಾತ್ರ ಪಕ್ಕದ ಕೋಣೆಯಲ್ಲಿತ್ತು, ನನ್ನ ಬೆಂಚಿಗೆ ಕಾಣುತ್ತಿರಲಿಲ್ಲ. ಕಸ ಗುಡಿಸುವವಳಿಗೆ ಅಂದು ರಜ. ಉಳಿದವರು ಇಬ್ಬರೇ. ಜಾಹೀರಾತು ತರುವ ಮಾಮ. ಸಂಜೆ ಆರರ ಕಾರ್ಯಕ್ರಮ ನಡೆಸುವ ಜೇನುದನಿ.

ಮಾಮನನ್ನು ಮೇಡಂ ಕೋಣೆಗೆ ಕರೆಸಿದರು. ಮೊಣಕೈ ಹರಿದ ಕೋಟು, ಹಣೆ ತುಂಬ ಬೆವರು.

"ಒಂಬತ್ತೂ ಮೂವತ್ತೈದಕ್ಕೆ ಎಲ್ಲಿದ್ರಿ?" ನಾದಿನಿ ಕೇಳಿದಳು.

"ಇಲ್ಲೇ. ಅಂದ್ರೆ... ಮೇಲೆ."

"ಮೇಲೆ ಅಂದ್ರೆ?"

"ತಾರಸೀಲಿ."

"ತಾರಸೀಲಿ ಏನು ಮಾಡ್ತಿದ್ರಿ?"

ಮಾಮ ಮೇಡಂ ಕಡೆ ಕದ್ದು ನೋಡಿದ. "ರೇಡಿಯೋ ಕೇಳ್ತಿದ್ದೆ."

"ಆಗ ಏನು ಬರ್ತಿತ್ತು?"

"ಫ್ರಿಜ್ಜು. ಆಮೇಲೆ ಸೋಪು. ಆಮೇಲೆ ಇನ್ನೊಂದು ಸೋಪು."

"ನಮ್ಮಲ್ಲಿ ಎಲ್ಲಿಯ ಸೋಪು?" ಮೇಡಂ ಎದ್ದು ನಿಂತರು.

"ನಮ್ಮದಲ್ಲ ಮೇಡಂ. ಗಾಜಿನ ಕಟ್ಟಡದವರದ್ದು. ಯಾರ್ಯಾರು ಅವರಿಗೆ ಜಾಹೀರಾತು ಕೊಡ್ತಿದ್ದಾರೆ ಅಂತ ದಿನಾ ಕೇಳಿ ಬರ್ಕೊಂಡು, ಅವರ ಮನೆ ಬಾಗಿಲಿಗೆ ಹೋಗಿ ಕಾಲು ಹಿಡೀತೀನಿ. ನಮ್ಮ ಕಾರ್ಯಕ್ರಮ ಕೇಳೋಕೆ ಪುರುಸೊತ್ತೆಲ್ಲಿ?" ಜೇಬಿನಿಂದ ಚೀಟಿ ತೆಗೆದ. ಅದರೊಂದಿಗೆ ಒಂದು ಹೊಳೆಯುವ ಕಾರ್ಡೂ ಬಿತ್ತು. ಗಾಜಿನ ಕಟ್ಟಡದ ಮ್ಯಾನೇಜರನ ಕಾರ್ಡು!

ಮೇಡಂ ಮುಖ ಕೆಂಪಾಯಿತು.

"ಕರೆದಿದ್ರು" ಎಂದ ಮಾಮ, ಕಾರ್ಡು ಹೆಕ್ಕಿಕೊಳ್ಳುತ್ತ. "ಹೋಗಿದ್ದೆ. ಕೂರಿಸಿದ್ರು. ಅಲ್ಲಿಯ ಸೋಫಾದಲ್ಲಿ ಕೂತ್ರೆ ಎದ್ದೇಳೋಕೇ ಆಗಲ್ಲ, ಮೇಡಂ. ಅಂಥವರ ಜತೆ ನನಗಾಗಲ್ಲ ಅಂತ ಬಂದುಬಿಟ್ಟೆ."

ಅವನು ಹೋದ ಮೇಲೆ ನಾನು ಪಿಸುಗುಟ್ಟಿದೆ. "ಇವನೇ ಇರಬೇಕು ಕಣೇ. ಕಾರ್ಡು ನೋಡಿದೆಯಲ್ಲ?"

"ಕಳ್ಳ ಆದವನು ಕಾರ್ಡು ಮನೇಲಿ ಇಟ್ಟು ಬರ್ತಾನೆ, ಅತ್ತಿಗೆ." ಅವಳು ಚೀಟಿಯ ಸೋಪುಗಳನ್ನು ಓದಿ ನಗುತ್ತಿದ್ದಳು.

ಜೇನುದನಿ ಎರಡೂ ಕೈ ಬೀಸಿಕೊಂಡು ಒಳಗೆ ಬಂದ. ತಲೆ ನುಣ್ಣಗೆ ಬಾಚಿಕೊಂಡಿದ್ದ, ಕತ್ತಿನ ಹಿಂದೆ ಪೌಡರಿತ್ತು. ಆ ದನಿಗೆ ಗೋಡೆಯೂ ತಲೆದೂಗಬೇಕು. ಹೆಗಲಚೀಲದಿಂದ ಪೆಪ್ಪರಮಿಂಟು ತೆಗೆದು ನನ್ನ ಕೈಗಿಡದೆ ಅವನು ಎಂದೂ ಮಾತು ಶುರುಮಾಡುವವನಲ್ಲ. ಅಂದು, "ಇವತ್ತು ಇಲ್ಲ, ಟೀಚರ್, ಕ್ಷಮಿಸಿ" ಎಂದ.

"ಪಾಪ, ಫೋನಕ್ಕ" ಎಂದು ಕುರ್ಚಿಯ ತುದಿಯಲ್ಲಿ ಕೂತ. "ಸಂಜೆವರೆಗೂ ಬರೋದಿರಲಿಲ್ಲ. ಹೇಗೂ ಈ ಕಡೆ ಬಂದಿದ್ದೆ ಅಂತ ಹತ್ತೂಕಾಲಿಗೆ ಬಂದೆ. ಬಂದ್ರೆ ಹೀಗೆ!"

"ಎಲ್ಲಿಗೆ ಬಂದಿದ್ಯಪ್ಪ?"

"ಮೂಲೆಯ ಕ್ಷೌರದಂಗಡಿಗೆ. ಒಂಬತ್ತೂಕಾಲಿಗೆ ಕೂತೆ, ಹತ್ತಕ್ಕೆ ಎದ್ದೆ."

"ಅಲ್ಲಿ ಜನ ಇದ್ರಾ?"

"ಮೂರ್ನಾಲ್ಕು ಜನ. ನಮ್ಮದೇ ನಿಲಯ ಹಾಕಿದ್ದ. ನೋಡಿ, ಎಂಥ ಜನಪ್ರಿಯತೆ! ಆ ಉದ್ದದಜ್ಜ, 'ಹಾಳು ಹಲ್ಲು ಬಿಟ್ಟು ಒಳ್ಳೇ ಹಲ್ಲು ಕಿತ್ತ, ನನ್ನ ಹಲ್ಲು ವಾಪಸ್ ಕೊಡ್ಲಿ, ಏಣಿ ವಾಪಸ್ ಕೊಡ್ತೀನಿ' ಅಂದಾಗ ಅಂಗಡಿಯವನು ನಕ್ಕೂ ನಕ್ಕೂ ಕತ್ತರಿ ಕೆಳಗಿಟ್ಟ. ನನ್ನ ಕಿವಿ ಉಳೀತಲ್ಲ ಅಂತ ನಾನು!"

ಅಜ್ಜನ ದನಿಯನ್ನೇ ಅನುಕರಿಸಿದ. ನನಗೆ ಮತ್ತೆ ನಗು ಬಂತು. ಮೇಡಂ ತುಟಿಯೂ ಸಡಿಲವಾಯಿತು. ಮೇಜಿನ ಕೆಳಗೆ ಅವನ ಪಾದ ಮಾತ್ರ ಒಂದೇ ಸಮ ಕುಣಿಯುತ್ತಿತ್ತು.

"ಓಹೋ, ಅದಕ್ಕಾ ಏಣಿ ವಾಪಸ್ ಕೊಡಲಿಲ್ಲ!" ನಾದಿನಿಯೂ ನಕ್ಕಳು. ಏನನ್ನೋ ಗೀಚಿಕೊಂಡಳು. "ಸಂಜೆಯ ಕಾರ್ಯಕ್ರಮ ಹೇಗೆ ನಡೀತಿದೆ?"

ಅವನ ಮುಖ ಒಂದು ಕ್ಷಣ ಬಾಡಿತು. "ನಡೀತಿದೆ. ದಿನಕ್ಕೆ ಒಂದೆರಡು ಫೋನು. ಬೆಳಗಿನ ಹೊತ್ತಾದ್ರೆ ಬೇರೆ ಮಾತು."

"ಇಲ್ಲೇ ಸ್ವಲ್ಪ ಕೂತಿರು" ಎಂದು ನಾದಿನಿ ಎದ್ದು ಹೊರಗೆ ಹೋದಳು. ಗುಂಡಿಯಣ್ಣನ ಕೋಣೆಯ ಗಾಜಿನಾಚೆ ಇಬ್ಬರ ತಲೆಗಳು ಹತ್ತಿರವಾದದ್ದು ಕಂಡಿತು. ಅವನು ಎರಡು ಬಾರಿ ತಲೆಯಾಡಿಸಿದ. ಆಮೇಲೆ ಕುರ್ಚಿ ಮಾಮನಿಗೆ ಒಪ್ಪಿಸಿ, ಚಪ್ಪಲಿ ಕೂಡ ಮೆಟ್ಟದೆ ಮೆಟ್ಟಿಲಿಳಿದು ಓಡಿದ!

ನಾದಿನಿ ಫೋನಕ್ಕನ ಕೈಹಿಡಿದು ಒಳಗೆ ಕರೆತಂದಳು.

"ಮೇಡಂ, ನನ್ನ ಇವತ್ತಿನ ಬರಹ ಓದ್ತೀನಿ, ಕೇಳಿ" ಎಂದು ಕನ್ನಡಕ ಏರಿಸಿದಳು. "ಒಂಬತ್ತು ಮೂವತ್ತಾರು. ಅಜ್ಜ: 'ಏಣಿ ತಂದೆ. ಇಪ್ಪತ್ತು ವರ್ಷ ಆಯ್ತು. ವಾಪಸ್ ಕೊಡಲಿಲ್ಲ. ಯಾಕೆ ಅಂದ್ರೆ...' ಇಲ್ಲಿ ನಿಲಯದ ಗಂಟೆ ಸದ್ದು. ಆಮೇಲೆ ಅಜ್ಜ: 'ಹಾಗಾಗಿ ಏಣಿ ಈಗಲೂ ನಮ್ಮ ಹಿತ್ತಿಲಲ್ಲಿದೆ.' ಅಷ್ಟೆ."

"ಇಲ್ವಲ್ಲ!" ಎಂದೆ ನಾನು. "ಮಧ್ಯೆ ಹಲ್ಲಿನ ಮಾತು ಬಂತು. ನಾನೇ ಕೇಳಿದೆ."

"ನೀವು ಕೇಳಿದ್ರಿ, ಅತ್ತಿಗೆ. ಮೇಡಂ ಕೇಳಿದ್ರು, ಫೋನಕ್ಕ ಕೇಳಿದಳು. ಊರು ಕೇಳಲಿಲ್ಲ."

ಫೋನಕ್ಕ ಗೋಡೆಯ ಮೇಲಿನ ಸ್ಪೀಕರಿನ ಕಡೆ ನೋಡಿದಳು.

"ಅಜ್ಜ ಆ ಡಾಕ್ಟರ ಹೆಸರು, ಬೀದಿ ಎಲ್ಲ ಬಾಯಿಬಿಟ್ಟು ಹೇಳಿದ್ರಂತೆ. ಹಾಗೇ ಹೋಗಿದ್ರೆ ಡಾಕ್ಟರ್ ನಿಮ್ಮನ್ನ ನ್ಯಾಯಾಲಯಕ್ಕೆ ಎಳೀತಿದ್ದ. ಇಲ್ಲಿ ಆಡಿದ ಮಾತು ಊರಿಗೆ ಹೋಗೋದು ಎಂಟು ಸೆಕೆಂಡು ತಡವಾಗಿ ಅಲ್ವಾ? ಇಂಥ ಹೊತ್ತಿಗೇ ಅಂತ ಆ ಎಂಟು ಸೆಕೆಂಡು, ಆ ಕೆಂಪು ಗುಂಡಿ. ಅವನು ಒತ್ತಿದ. ಡಾಕ್ಟರ ಹೆಸರು, ಹಲ್ಲು ಎರಡೂ ಹಾರಿಹೋದವು. ಆದ್ರೆ ನಿಮ್ಮ ಗೋಡೆ ಮೇಲಿನ ಸ್ಪೀಕರಿಗೆ ಸ್ಟುಡಿಯೋದಿಂದ ನೇರ ತಂತಿ. ಒಳಗಿರೋರಿಗೆ ಕತ್ತರಿಸಿದ್ದು ಗೊತ್ತೇ ಆಗಲ್ಲ. ಆರು ವರ್ಷ ಆ ಸ್ಪೀಕರ್ ಕೇಳಿ ಕೇಳಿ, ಅದರಲ್ಲಿ ಬಂದದ್ದೆಲ್ಲ ಊರಿಗೂ ಕೇಳಿಸ್ತು ಅಂತ ನಂಬಿಬಿಡ್ತೀರಿ. ಅದಕ್ಕೇ ಇವನು ಹಲ್ಲಿನ ಮಾತು ಹೇಳಿದಾಗ ನಿಮಗ್ಯಾರಿಗೂ ವಿಚಿತ್ರ ಅನಿಸಲಿಲ್ಲ. ಮನೇಲಿ ಕೂತು ಕೇಳಿದ ನನಗನಿಸ್ತು."

ಅವಳು ಜೇನುದನಿಯ ಕಡೆ ತಿರುಗಿದಳು. ದನಿ ಗಡುಸಾಗಿರಲಿಲ್ಲ.

"ಕ್ಷೌರದಂಗಡಿಯ ರೇಡಿಯೋದಲ್ಲಿ ಬರದ ಮಾತಿಗೆ ಅಂಗಡಿಯವನು ಹೇಗಪ್ಪ ನಕ್ಕ?"

ಮೇಜಿನ ಕೆಳಗೆ ಕುಣಿಯುತ್ತಿದ್ದ ಪಾದ ನಿಂತಿತು.

"ಅಜ್ಜ ಮಾತಾಡೋ ಆ ನಾಲ್ಕು ನಿಮಿಷ ಫೋನಕ್ಕ ಜಾಗದಲ್ಲಿರಲ್ಲ ಅಂತ ನಿನಗೆ ಗೊತ್ತು. ಆ ನಾಲ್ಕು ನಿಮಿಷದಲ್ಲೇ ನೀನು ಈ ಗೋಡೆಗಳ ಒಳಗಿದ್ದೆ. ಕ್ಷೌರಕ್ಕೂ ಹೋಗಿದ್ದೆ, ಸುಳ್ಳಲ್ಲ. ಮೊದಲೋ ಆಮೇಲೋ. ಈಗ ಹೇಳು, ನಿನ್ನ ಹೆಗಲಚೀಲ ಎಲ್ಲಿ?"

ಪೆಪ್ಪರಮಿಂಟು! ನನಗೆ ಆಗ ಹೊಳೆಯಿತು.

ಉತ್ತರ ಹೇಳುವ ಅಗತ್ಯ ಬೀಳಲಿಲ್ಲ. ಗುಂಡಿಯಣ್ಣ ಬರಿಗಾಲಲ್ಲಿ ಏದುಸಿರು ಬಿಡುತ್ತ ಬಂದ. ಚೀಲವನ್ನು ಮೇಜಿನ ಮೇಲಿಟ್ಟ. "ಕ್ಷೌರದಂಗಡೀಲಿತ್ತು. ಮಧ್ಯಾಹ್ನ ಒಂದಕ್ಕೆ ಯಾರೋ ಬಂದು ತಗೊಂಡು ಹೋಗ್ತಾರೆ ಅಂತ ಹೇಳಿ ಕೊಟ್ಟಿದ್ದಂತೆ" ಎಂದ. ಫೋನಕ್ಕ ಎರಡೂ ಕೈ ಹಾಕಿ ನೀಲಿ ಪುಸ್ತಕ ತೆಗೆದಳು. ಎದೆಗೊತ್ತಿ ಹಿಡಿದಳು. ಆಗ ಅತ್ತಳು.

"ಯಾಕೋ?" ಮೇಡಂ ಕೇಳಿದ್ದು ಇಷ್ಟೇ.

"ಗಾಜಿನ ಕಟ್ಟಡದವರು ಬೆಳಗಿನ ಹೊತ್ತು ಕೊಡ್ತೀವಿ ಅಂದ್ರು" ಎಂದ ಜೇನುದನಿ, ನೆಲ ನೋಡುತ್ತ. "ಪುಸ್ತಕ ತಂದ್ರೆ. ನೀವು ಯಾವತ್ತಾದ್ರೂ ಕೊಡ್ತಿದ್ರಾ? ಆರು ವರ್ಷ ಸಂಜೆ ಹೊತ್ತು ಒದರಿದೀನಿ. ನನಗೂ ಐದಾರು ಜನ ಇದ್ದಾರೆ, ಮೇಡಂ. ಪುಸ್ತಕ ಇಲ್ಲದೆ, ಚೀಟಿ ಇಲ್ಲದೆ, ಬರೀ ನನ್ನ ದನಿ ಕೇಳಿ ಬಂದವರು."

ಫೋನಕ್ಕ ಥಟ್ಟನೆ ಪುಸ್ತಕವನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಭಯವಿತ್ತು. ಅವನು ಅದನ್ನು ಗಮನಿಸಿದ.

"ಏನಿದೆ ಅದರಲ್ಲಿ?"

"ಏನಿಲ್ಲ. ನೀವು ಹೋಗಿ."

"ನಾನು ತೆರೆದೂ ನೋಡಿಲ್ಲ, ಫೋನಕ್ಕ. ಏನಿದೆ?"

ಅವನು ಕೈ ಚಾಚಿದ. ಪುಸ್ತಕ ಜಾರಿತು. ಬಿದ್ದಲ್ಲೇ ತೆರೆದುಕೊಂಡಿತು. ಬಗ್ಗಿ ಎತ್ತಿದವಳು ನಾನು. ನನ್ನ ಭುಜದ ಮೇಲಿಂದ ಅವನು ಓದಿದ. ಮೊಣಕಾಲು ನೋವಿನ ಹೆಂಗಸಿನ ಪುಟ. ಕೊನೆಯಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ: "ಸಂಜೆಯವರಿಗೂ ಒಂದು ಫೋನು ಮಾಡಿ ಎಂದು ಕೇಳಿಕೊಂಡೆ. ಒಪ್ಪಿದರು. ಸೋಮವಾರ, ಗುರುವಾರ." ನಾನು ಪುಟ ಮಗುಚುವ ಮೊದಲೇ ಅವನೇ ಮಗುಚಿದ. ಇನ್ನೊಂದು ಪುಟ. "ಸಂಜೆಯವರಿಗೆ, ಮಂಗಳವಾರ." ಮತ್ತೊಂದು. ಐದಾರು ಪುಟ.

"ಮೊದಲ ತಿಂಗಳು ಒಂದೂ ಫೋನ್ ಬರ್ತಿರಲಿಲ್ಲ" ಎಂದಳು ಫೋನಕ್ಕ, ತಾನೇ ತಪ್ಪು ಮಾಡಿದವಳಂತೆ. "ನೀವು ಒಬ್ಬರೇ ಮಾತಾಡ್ತಿದ್ರಿ. ಕೇಳೋಕಾಗಲಿಲ್ಲ. ಆಮೇಲೆ ಅವರೇ ಇಷ್ಟಪಟ್ಟು ಮಾಡ್ತಿದ್ರು, ನಿಜವಾಗ್ಲೂ."

ಅವನು ಪುಸ್ತಕ ನನ್ನ ಕೈಯಲ್ಲೇ ಬಿಟ್ಟು ಹೊರಟ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಚೀಲ ಮೇಜಿನ ಮೇಲೇ ಉಳಿಯಿತು.

ಸಂಜೆ ಆರಕ್ಕೆ ನಾವಿಬ್ಬರೂ ಅಲ್ಲೇ ಇದ್ದೆವು. ಅವನ ಕಾರ್ಯಕ್ರಮದ ಜಾಗದಲ್ಲಿ ಗುಂಡಿಯಣ್ಣ ಹಳೆಯ ಧ್ವನಿಮುದ್ರಣ ಹಾಕಿದ. ಮೊದಲ ಫೋನು ಆರು ಗಂಟೆ ಎರಡು ನಿಮಿಷಕ್ಕೆ ಬಂತು. ಎರಡನೆಯದು ಇನ್ನೆರಡು ನಿಮಿಷಕ್ಕೆ. ಆಮೇಲೆ ನಿಲ್ಲಲೇ ಇಲ್ಲ. ಹನ್ನೊಂದು ಫೋನು. ಫೋನಕ್ಕ ಕೇಳಿಕೊಂಡಿದ್ದು ಆರು ಜನರನ್ನು ಮಾತ್ರ.

"ಅವರಿಗೆ ಗಂಟಲು ಕಟ್ಟಿದೆ" ಎಂದು ಒಬ್ಬೊಬ್ಬರಿಗೂ ಹೇಳಿದಳು. "ಹೌದು, ಬಿಸಿನೀರು ಕುಡೀರಿ ಅಂತ ಹೇಳ್ತೀನಿ."

ನನ್ನ ನಾದಿನಿ ಕೊಡೆ ಎತ್ತಿಕೊಂಡಳು. ಹೊರಡುವ ಮುಂಚೆ ನಾನು ದಿಂಬನ್ನು ಫೋನಕ್ಕನ ಕುರ್ಚಿಗೆ ವಾಪಸ್ ಇಡಲು ಹೋದೆ. ಅವಳು ನೀಲಿ ಪುಸ್ತಕದಲ್ಲಿ ಹೊಸ ಪುಟ ತೆರೆದಿದ್ದಳು. ಮೇಲೆ ಜೇನುದನಿಯ ಹೆಸರು. ಕೆಳಗೆ, "ಯಾವತ್ತಾದರೂ ಫೋನು ಮಾಡಬಹುದು. ಹನ್ನೊಂದು ಜನ ವಿಚಾರಿಸಿದರು ಎಂದು ಹೇಳಬೇಕು."

ಆಮೇಲೆ ಪೆನ್ನು ಬದಲಿಸಿ, ಕೆಂಪು ಶಾಯಿಯಲ್ಲಿ, ಪುಟದ ತಳದಲ್ಲಿ ಬರೆದಳು:

"ಪುಸ್ತಕದ ವಿಷಯ ಎತ್ತಬಾರದು."